ಮಗಳಿಗೆ ಅಲರ್ಜಿ, ರಾತ್ರಿ ಕೆಮ್ಮು, ಊದುವ ಟೆಸ್ಟ್‌ನಲ್ಲಿ ಶೇ. 80. ಅನುಭವ ಇರುವವರು ಹೇಳಿ

ಪುಟ್ಟಿ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳಿಗೆ ಒಂಬತ್ತು ವರ್ಷ. ಬೆಂಗಳೂರಿನಲ್ಲಿದ್ದೇವೆ. ಬೆಳಗ್ಗೆ ಎದ್ದ ಕೂಡಲೇ ಹತ್ತು ಹನ್ನೆರಡು ಸೀನು, ರಾತ್ರಿ ಎರಡು ಗಂಟೆ ಮೇಲೆ ಕೆಮ್ಮು. ನವೆಂಬರ್‌ನಿಂದ ಎರಡು ಸಲ ನೆಬ್ಯುಲೈಸರ್ ಆಯಿತು. ಹೋದ ವಾರ ಸ್ಪೈರೋಮೆಟ್ರಿ, ಅಂದರೆ ಊದುವ ಟೆಸ್ಟ್ ಮಾಡಿಸಿದರು. ಎಫ್‌ಇವಿ1 (ಮೊದಲ ಒಂದು ಸೆಕೆಂಡಿನಲ್ಲಿ ಊದುವ ಗಾಳಿ) ಅವಳ ವಯಸ್ಸು, ಎತ್ತರಕ್ಕೆ ಇರಬೇಕಾದ್ದರ ಶೇ. 80, ಪಂಪ್ (ಇನ್‌ಹೇಲರ್) ಕೊಟ್ಟು ಮತ್ತೆ ಊದಿಸಿದಾಗ ಶೇ. 15 ಏರಿತು. ದಿನಾ ಎರಡು ಹೊತ್ತು ಸ್ಟೀರಾಯ್ಡ್ ಇನ್‌ಹೇಲರ್, ಮೂಗಿಗೆ ಸ್ಪ್ರೇ ಬರೆದಿದ್ದಾರೆ. ಅತ್ತೆಯವರಿಗೆ ಇನ್‌ಹೇಲರ್ ಅಂದರೆ ಆಗುವುದಿಲ್ಲ. ನನ್ನ ಪ್ರಶ್ನೆ ಎರಡೇ. ಅಲರ್ಜಿ ಟೆಸ್ಟ್ ಮಾಡಿಸಬೇಕಾ? ಈಗ ಕಮ್ಮಿ ಇರುವ ಶ್ವಾಸಕೋಶದ ಶಕ್ತಿ ದೊಡ್ಡವಳಾದ ಮೇಲೂ ಹಾಗೇ ಉಳಿದುಬಿಡುತ್ತಾ?

ದಾವಣಗೆರೆ ಬೆಣ್ಣೆ:
ಟೆಸ್ಟ್ ವಿಷಯ ನನ್ನ ಹತ್ತಿರ ಕೇಳಿ, ನಾನು ಹೇಳುತ್ತೇನೆ. 2018ರ ಆಗಸ್ಟ್‌ನಲ್ಲಿ ಮಗನ ಮುಂಗೈಗೆ 60 ಚುಚ್ಚಿಸಿದೆ. ಅದಕ್ಕೆ ಮುಂಚೆ ಒಂದು ವಾರ ಅಲರ್ಜಿ ಮಾತ್ರೆ ಬಂದ್ ಮಾಡಬೇಕು, ಆ ವಾರ ಅವನ ಮೂಗು ನಲ್ಲಿ ಥರ ಸುರಿಯಿತು. ಟೆಸ್ಟ್‌ಗೆ 8,500. ಹನ್ನೊಂದಕ್ಕೆ ಪಾಸಿಟಿವ್ ಅಂದರು. ಮನೆ ದೂಳಿನ ಮೈಟ್ (ಕಣ್ಣಿಗೆ ಕಾಣದ ಸಣ್ಣ ಹುಳ), ಜಿರಲೆ, ಕಾಂಗ್ರೆಸ್ ಗಿಡ, ಬಳ್ಳಾರಿ ಜಾಲಿ, ಇನ್ನೇನೇನೋ. ಹನ್ನೊಂದನ್ನೂ ಸೇರಿಸಿ, ಮೈಗೆ ಅವು ಒಗ್ಗುವ ಹಾಗೆ ಕೊಡುವ ಇಂಜೆಕ್ಷನ್ನಿಗೆ ಒಂದು ಬಾಟಲಿ ಮಾಡಿಸಿದರು. ಒಂದು ಬಾಟಲಿಗೆ 5,200, ಏಳು ಬಾಟಲಿ, 36,400. ಮೊದಲು ವಾರಕ್ಕೊಂದು, ಆಮೇಲೆ ತಿಂಗಳಿಗೊಂದು, ಒಟ್ಟು 31 ಇಂಜೆಕ್ಷನ್. ಹಾಕಿದ್ದಕ್ಕೆ 150ರಂತೆ 4,650. ಆಟೋಗೆ ಹೋಗಿಬರಲು 180ರಂತೆ 5,580. ಪ್ರತಿ ಸಲ ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ, ಏನಾದರೂ ರಿಯಾಕ್ಷನ್ ಆದರೆ ಅಂತ. ಅಷ್ಟು ಹೊತ್ತು ನಾನು ಎದುರಿನ ಗೋಡೆ ಕ್ಯಾಲೆಂಡರ್ ನೋಡುತ್ತಾ ಕೂತಿರುತ್ತಿದ್ದೆ. ಮೊತ್ತ 55,130. ನೋಟ್‌ಬುಕ್ ಇನ್ನೂ ಇದೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂತು. ಇಂಜೆಕ್ಷನ್ ನಿಂತಿತು. 19 ತಿಂಗಳಾಗಿತ್ತು. ಮುಂದಿನ ಚಳಿಗಾಲಕ್ಕೆ ಎಲ್ಲ ವಾಪಸ್. ಆಮೇಲೆ ಬೇರೆ ಡಾಕ್ಟರು ಕಾಗದ ನೋಡಿ, "ಹನ್ನೊಂದು ಸೇರಿಸಿದರೆ ಯಾವುದೂ ಸಾಕಷ್ಟು ಪ್ರಮಾಣದಲ್ಲಿ ಹೋಗಲ್ಲಮ್ಮ, ಮೈಟ್ ಒಂದಕ್ಕೇ ಕೊಡಬೇಕಿತ್ತು, ಅದೂ ಕನಿಷ್ಠ ಮೂರು ವರ್ಷ" ಅಂದರು. ಆ ದಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಅತ್ತಿದ್ದೇನೆ ನಾನು.

ಇಬ್ಬರು ಮಕ್ಕಳ ತಾಯಿ:
ಟೆಸ್ಟೂ ಬೇಡ, ಚುಚ್ಚೂ ಬೇಡ. ಇನ್‌ಹೇಲರ್ ಹಾಕಿ, ಸುಮ್ನೆ ಇರಿ. ನನ್ನ ದೊಡ್ಡವನಿಗೆ ಐದನೇ ವಯಸ್ಸಿಂದ ಒಂಬತ್ತರವರೆಗೆ ಒಂದು ದಿನ ತಪ್ಪಿಸದೆ ಹಾಕಿದ್ದೇನೆ. ಊರ ಹಬ್ಬಕ್ಕೆ ಹೋದರೂ ಚೀಲದಲ್ಲಿ ಸ್ಪೇಸರ್, ಪಂಪಿಗೆ ಸಿಕ್ಕಿಸುವ ಆ ಪ್ಲಾಸ್ಟಿಕ್ ಡಬ್ಬ. ಹಾಕಿದ ಮೇಲೆ ಬಾಯಿ ಮುಕ್ಕಳಿಸುವುದೂ ತಪ್ಪಿಸಿಲ್ಲ. ನಮ್ಮತ್ತೆಯೂ ಹೇಳಿದ್ದರು, "ಮಗು ಕುಳ್ಳ ಆಗುತ್ತೆ" ಅಂತ. ಅದಕ್ಕೇ ಬಾಗಿಲ ಚೌಕಟ್ಟಿನ ಮೇಲೆ ಮೂರು ತಿಂಗಳಿಗೊಮ್ಮೆ ಪೆನ್ಸಿಲ್ ಗೆರೆ ಹಾಕಿದೆ. ಬಣ್ಣ ಹೊಡೆಯುವವನಿಗೆ ಆ ಚೌಕಟ್ಟು ಮುಟ್ಟಬೇಡ ಅಂದಿದ್ದೆ. ಅಮೆರಿಕದಲ್ಲಿ ಮಕ್ಕಳನ್ನು ದೊಡ್ಡವರಾಗುವವರೆಗೆ ಅಳೆದು ನೋಡಿದ್ದಾರೆ. ವ್ಯತ್ಯಾಸ ಬಂದದ್ದು 1.2 ಸೆಂಟಿಮೀಟರ್. ಚಪ್ಪಲಿ ಹಿಮ್ಮಡಿಯಷ್ಟೂ ಇಲ್ಲ.

ನಾನು ಮಾಡಿದ ತಪ್ಪು ಒಂದೇ. ನಡುವೆ ಆರು ತಿಂಗಳು ಮಾಂಟೆಲುಕಾಸ್ಟ್ ಮಾತ್ರೆ ಕೊಟ್ಟೆ, ಪಂಪಿಗಿಂತ ಸುಲಭ ಅಂತ. ಹುಡುಗ ರಾತ್ರಿ ಎದ್ದು ಕಿರುಚುವುದಕ್ಕೆ ಶುರು ಮಾಡಿದ. ದೃಷ್ಟಿ ತೆಗೆಸಿದೆವು, ತಾಯತ ಕಟ್ಟಿಸಿದೆವು. 2020ರಲ್ಲಿ ಅಮೆರಿಕದ ಔಷಧ ಇಲಾಖೆ ಆ ಮಾತ್ರೆಯ ಮೇಲೆ ಮನಸ್ಸಿನ ತೊಂದರೆಗಳ ಬಗ್ಗೆ ದೊಡ್ಡ ಎಚ್ಚರಿಕೆ ಹಾಕಿಸಿತ್ತಂತೆ. ನನಗೆ ಯಾರೂ ಹೇಳಲಿಲ್ಲ. ನಿಲ್ಲಿಸಿದ ಎರಡನೇ ವಾರಕ್ಕೆ ನಿದ್ದೆ ಸರಿಯಾಯಿತು.

ದಾವಣಗೆರೆ ಬೆಣ್ಣೆ:
"ಚುಚ್ಚೂ ಬೇಡ" ಅಂತ ಹೇಗೆ ಹೇಳುತ್ತೀರಿ ಮೇಡಂ? ನೀವು ಮಾಡಿಸಿದ್ದೀರಾ? ಆ 19 ತಿಂಗಳಲ್ಲಿ ಅವನು ಒಂದು ಸಲವೂ ಶಾಲೆ ತಪ್ಪಿಸಲಿಲ್ಲ. ತಪ್ಪಾದದ್ದು ಬಾಟಲಿ ಮಾಡಿಸಿದವರದ್ದು, ಇಂಜೆಕ್ಷನ್‌ದಲ್ಲ.

ಇಬ್ಬರು ಮಕ್ಕಳ ತಾಯಿ:
ಆಗ ಇನ್‌ಹೇಲರ್ ಕೂಡ ಕೊಡುತ್ತಿದ್ದಿರಲ್ಲ? ಹಾಗಿದ್ದರೆ ಯಾವುದರಿಂದ ಕಮ್ಮಿ ಆಯಿತು ಅಂತ ಹೇಗೆ ಗೊತ್ತು?

ಅಡಿಕೆ ಮಂಡಿ:
ಪುಟ್ಟಿ ಅಮ್ಮ ಅವರೇ, ನಿಮ್ಮ ಎರಡನೇ ಪ್ರಶ್ನೆಗೆ ನಾನೇ ಉತ್ತರ. ತೀರ್ಥಹಳ್ಳಿ ಕಡೆಯವನು, 41 ವರ್ಷ. ಚಿಕ್ಕಂದಿನಲ್ಲಿ ಮೂಗು ಕಟ್ಟದ ದಿನ ಇರಲಿಲ್ಲ. ಮನೆಯಲ್ಲಿ "ಇವನದ್ದು ಶೀತದ ಮೈ" ಅನ್ನುತ್ತಿದ್ದರು. ಮಳೆಗಾಲದಲ್ಲಿ ಕಂಬಳಿಗೆಲ್ಲ ಬೂಷ್ಟು. ಕೊಯ್ಲು ಬಂತೆಂದರೆ ಅಡಿಕೆ ಬೇಯಿಸುವ ಒಲೆಯ ಹೊಗೆ, ಸಿಪ್ಪೆ ದೂಳು. ಅಜ್ಜಿ ಆಡುಸೋಗೆ ಕಷಾಯ ಕೊಡುತ್ತಿದ್ದರು. ಶಿವಮೊಗ್ಗದ ಡಾಕ್ಟರೊಬ್ಬರು ಪಂಪ್ ಬರೆದುಕೊಟ್ಟರೆ ಅಪ್ಪಯ್ಯ ಚೀಟಿಯನ್ನು ಜೇಬಿಗೆ ಹಾಕಿಕೊಂಡರು. "ಅದು ಚಟ ಹತ್ತುತ್ತೆ, ಒಮ್ಮೆ ಹಿಡಿದರೆ ಬಿಡಲ್ಲ." ಹಾಗಾಗಿ ಡೆರಿಫಿಲಿನ್ ಮಾತ್ರೆ. ಅದು ತಿಂದರೆ ಎದೆ ಡವಡವ, ಕೈ ನಡುಕ, ಪರೀಕ್ಷೆಯಲ್ಲಿ ಅಕ್ಷರ ಹಾವಿನ ಹಾಗೆ ಹರಿಯುತ್ತಿತ್ತು. ಆರನೇ ಕ್ಲಾಸಿಂದ ಹತ್ತರವರೆಗೆ ಏಳು ಸಲ ಆಸ್ಪತ್ರೆಗೆ ಸೇರಿಸಿದ್ದಾರೆ, ಒಮ್ಮೆ ರಾತ್ರಿ ಜೀಪಿನಲ್ಲಿ.

ಹದಿನೆಂಟಕ್ಕೆ ಎಲ್ಲ ಮಾಯ. ಗೆದ್ದೆ ಅಂದುಕೊಂಡೆ. ಮೂವತ್ತಾರಕ್ಕೆ ಎರಡನೇ ಮಹಡಿ ಹತ್ತುವಾಗ ನಿಂತುಬಿಟ್ಟೆ. ಊದಿಸಿದರು. ಶೇ. 61. ಪಂಪ್ ಕೊಟ್ಟು ಊದಿಸಿದರೆ 64. ನಿಮ್ಮ ಮಗಳದ್ದು 15 ಏರಿತಲ್ಲ, ನನ್ನದು ಏರುವುದಿಲ್ಲ. ಡಾಕ್ಟರು ಕಾಗದದ ಮೇಲೆ ಗುಡ್ಡ ಬರೆದು ತೋರಿಸಿದರು. ಇಪ್ಪತ್ತರಿಂದ ಇಪ್ಪತ್ತೈದರವರೆಗೆ ಎಲ್ಲರೂ ಗುಡ್ಡ ಹತ್ತುತ್ತಾರೆ, ಆಮೇಲೆ ಎಲ್ಲರೂ ಇಳಿಯುತ್ತಾರೆ. ನಾನು ತುದಿ ಮುಟ್ಟಲೇ ಇಲ್ಲ. ಅರ್ಧದಲ್ಲೇ ಇಳಿಯುವುದಕ್ಕೆ ಶುರು ಮಾಡಿದ್ದೇನೆ. ಅಮೆರಿಕದವರು ಉಬ್ಬಸದ 684 ಮಕ್ಕಳನ್ನು ದೊಡ್ಡವರಾಗುವವರೆಗೆ ಊದಿಸಿ ನೋಡಿ 2016ರಲ್ಲಿ ಬರೆದಿದ್ದಾರೆ. ಸರಿಯಾಗಿ ಗುಡ್ಡ ಹತ್ತಿ ಸರಿಯಾಗಿ ಇಳಿದವರು ನಾಲ್ಕರಲ್ಲಿ ಒಬ್ಬರು ಮಾತ್ರ. ಶೇ. 11 ಜನರ ಶ್ವಾಸಕೋಶ ಸಣ್ಣ ವಯಸ್ಸಿಗೇ ಬೀಡಿ ಸೇದುವ ಮುದುಕರ ಮಟ್ಟಕ್ಕೆ ಬಂದಿತ್ತು. ಅಪ್ಪಯ್ಯ ಆ ಚೀಟಿ ಜೇಬಿಗೆ ಹಾಕಿಕೊಳ್ಳದೆ ಇದ್ದಿದ್ದರೆ?

ಮೂರನೇ ಮಹಡಿ:
ಅಡಿಕೆ ಮಂಡಿ ಸರ್, ಬೇಜಾರು ಮಾಡಿಕೊಳ್ಳಬೇಡಿ. ನೀವು ಹೇಳಿದ ಆ ಮಕ್ಕಳದ್ದೇ ಮೊದಲ ವರದಿ 2000ದಲ್ಲಿ ಬಂದಿದೆ, ಅದನ್ನೂ ಓದಿ. ಒಂದು ಗುಂಪಿಗೆ ದಿನಾ ಬ್ಯುಡೆಸೊನೈಡ್ (ಸ್ಟೀರಾಯ್ಡ್ ಇನ್‌ಹೇಲರ್), ಇನ್ನೊಂದಕ್ಕೆ ಖಾಲಿ ಪಂಪ್. ನಾಲ್ಕೈದು ವರ್ಷ. ಔಷಧಿ ತೆಗೆದುಕೊಂಡವರಿಗೆ ಅಟ್ಯಾಕ್ ಕಮ್ಮಿ, ಆಸ್ಪತ್ರೆ ಕಮ್ಮಿ. ಆದರೆ ಶ್ವಾಸಕೋಶ ಬೆಳೆದದ್ದರಲ್ಲಿ ಎರಡೂ ಗುಂಪಿಗೆ ವ್ಯತ್ಯಾಸ ಇಲ್ಲ. ಇನ್‌ಹೇಲರ್ ಹಾಕಿದ್ದರೆ ನಿಮಗೆ 61 ಬರುತ್ತಿರಲಿಲ್ಲ ಅಂತ ಹೇಳಲು ಆಗುವುದಿಲ್ಲ.

ಅಡಿಕೆ ಮಂಡಿ:
ಅಂದರೆ ನಮ್ಮಪ್ಪ ಮಾಡಿದ್ದು ಸರಿ ಅಂತೀರಾ? ನಿಮಗೆ ಜೀಪಿನ ರಾತ್ರಿ ಗೊತ್ತಿಲ್ಲ ಸ್ವಾಮಿ.

ಮೂರನೇ ಮಹಡಿ:
ಹಾಗಲ್ಲ. ಜೋರು ಅಟ್ಯಾಕ್ ಆದವರ ಶ್ವಾಸಕೋಶ ಬೇಗ ಇಳಿಯುತ್ತದೆ, ಇನ್‌ಹೇಲರ್ ಹಾಕಿದವರಲ್ಲಿ ಆ ಇಳಿತ ಕಮ್ಮಿ ಅಂತಲೂ 2009ರಲ್ಲಿ ಒಂದು ಅಧ್ಯಯನ ಬಂದಿದೆ. ನಿಮ್ಮ ಏಳು ಆಸ್ಪತ್ರೆ ಲೆಕ್ಕಕ್ಕೆ ಬರುತ್ತದೆ. ವಿಷಯ ಸರಳ ಇಲ್ಲ ಅಂದೆ ಅಷ್ಟೇ.

ಅಡಿಕೆ ಮಂಡಿ:
ಇದನ್ನು ಮೊದಲೇ ಹೇಳಬೇಕಿತ್ತು.

ಮೇಷ್ಟ್ರು ನಿವೃತ್ತ:
ಇಷ್ಟೆಲ್ಲ ಓದಿದಿರಿ, ಮೃಗಶಿರಾದ ದಿನ ಉಬ್ಬಸಕ್ಕೆ ಕೊಡುವ ಮೀನಿನ ಮದ್ದಿನ ಮಾತು ಒಬ್ಬರೂ ಎತ್ತಲಿಲ್ಲ. 1998ರಲ್ಲಿ ಮಗನನ್ನು ಹೈದರಾಬಾದಿಗೆ ಕರೆದುಕೊಂಡು ಹೋದೆ. ಅವನಿಗೆ ಹನ್ನೊಂದು. ರಾತ್ರಿಯೆಲ್ಲ ಸಾಲಿನಲ್ಲಿ ನಿಂತೆವು. ಜೀವಂತ ಮೀನಿನ ಬಾಯಲ್ಲಿ ಹಳದಿ ಮದ್ದು ಇಟ್ಟು ಗಂಟಲಿಗೆ ಇಳಿಸಿದರು. ನಾವು ಸಸ್ಯಾಹಾರಿಗಳು, ಬೆಲ್ಲದಲ್ಲೂ ಕೊಡುತ್ತಾರೆ, ಆದರೆ ಮೀನೇ ಗಟ್ಟಿ ಅಂತ ಮನೆಯವಳಿಗೆ ಹೇಳದೆ ನುಂಗಿಸಿದೆ. ಮೂರು ವರ್ಷ ಸಾಲಾಗಿ ಹೋದೆ. ಹದಿನಾಲ್ಕಕ್ಕೆ ಉಬ್ಬಸ ನಿಂತಿತು. ಮದ್ದಿಗೆ ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ಇಲ್ಲಿ 55,130 ಅಂತ ಓದಿ ಹೊಟ್ಟೆ ಉರಿಯಿತು.

ಇಬ್ಬರು ಮಕ್ಕಳ ತಾಯಿ:
ಮೇಷ್ಟ್ರೇ, ಹದಿನಾಲ್ಕಕ್ಕೆ ಎಷ್ಟೋ ಗಂಡುಹುಡುಗರಿಗೆ ಮೀನು ನುಂಗದೆಯೂ ನಿಲ್ಲುತ್ತದೆ. ಅಡಿಕೆ ಮಂಡಿ ಅವರಿಗೂ ಹದಿನೆಂಟಕ್ಕೆ ನಿಂತಿರಲಿಲ್ಲವೇ?

ಮೂರನೇ ಮಹಡಿ:
ನ್ಯೂಜಿಲೆಂಡಿನ ಡ್ಯುನೆಡಿನ್ ಊರಿನಲ್ಲಿ 1972-73ರಲ್ಲಿ ಹುಟ್ಟಿದ ಮಕ್ಕಳನ್ನು 26 ವರ್ಷದವರೆಗೆ ಹಿಂಬಾಲಿಸಿದ್ದಾರೆ. 613 ಜನರ ಪೂರ್ತಿ ಲೆಕ್ಕ ಇದೆ. ನಾಲ್ಕರಲ್ಲಿ ಒಬ್ಬರಿಗಿಂತ ಸ್ವಲ್ಪ ಜಾಸ್ತಿ ಜನರಿಗೆ ವೀಸಿಂಗ್ (ಎದೆ ಸುಯ್ಗುಟ್ಟುವುದು) ಉಳಿದುಕೊಂಡಿತ್ತು, ಇಲ್ಲವೇ ನಿಂತು ಮತ್ತೆ ಬಂದಿತ್ತು. ಯಾರಿಗೆ ಹಾಗಾಗುವ ಸಂಭವ ಜಾಸ್ತಿ? ಮೈಟ್ ಅಲರ್ಜಿ ಇದ್ದವರು, ಹೆಣ್ಣುಮಕ್ಕಳು, ಸಿಗರೇಟು ಸೇದುವವರು, ಚಿಕ್ಕ ವಯಸ್ಸಿಗೇ ಶುರುವಾದವರು. ಉಳಿದುಕೊಂಡವರ ಎಫ್‌ಇವಿ1 ಚಿಕ್ಕಂದಿನಿಂದಲೇ ಕೆಳಗಿತ್ತು.

ಮೇಷ್ಟ್ರು ನಿವೃತ್ತ:
ನ್ಯೂಜಿಲೆಂಡು ನನಗೆ ಬೇಡ. ನನ್ನ ಮಗ ಈಗ ಮ್ಯಾರಥಾನ್ ಓಡುತ್ತಾನೆ.

ಊದು ಊದು ಊದು:
ನಾನು ದಿನಾ ಹದಿನೈದು ಜನರಿಗೆ ಊದಿಸುವವನು. ನಿಮ್ಮ ಶೇ. 80, 61 ನೋಡಿ ನಗು ಬರುತ್ತೆ. ಮೂರು ಸಲ ಊದಿದ್ದು ಒಂದಕ್ಕೊಂದು ಹೊಂದಿತ್ತಾ? ಮಗು ಪೂರ್ತಿ ಎಳೆದುಕೊಂಡು ಒಂದೇ ಏಟಿಗೆ ಊದಿತಾ? ಅರ್ಧಕ್ಕೇ ಕೆಮ್ಮಿತಾ? ಬರುವ ಮುಂಚೆ ಪಂಪ್ ಹಾಕಿಕೊಂಡು ಬಂದಿತ್ತಾ? ಎತ್ತರ ಅಳೆದರಾ, ಇಲ್ಲ ನೀವು ಬಾಯಲ್ಲಿ ಹೇಳಿದ್ದಾ? ಎತ್ತರ ಐದು ಸೆಂಟಿಮೀಟರ್ ತಪ್ಪಾದರೆ ಶೇಕಡಾ ಪೂರ್ತಿ ಬದಲಾಗುತ್ತದೆ. ಮಿಷಿನ್ ಒಳಗೆ ಬಿಳಿಯರ ಲೆಕ್ಕ ಹಾಕಿದ್ದರೆ ನಮ್ಮ ಮಕ್ಕಳು ಸುಮ್ನೆ ಕಮ್ಮಿ ಕಾಣುತ್ತಾರೆ. ಪಂಪ್ ಕೊಟ್ಟ ಮೇಲೆ ಶೇ. 12ಕ್ಕಿಂತ ಜಾಸ್ತಿ ಏರಿತು ಅನ್ನುವುದು ಮಾತ್ರ ಮುಖ್ಯ. ಹೋದ ವಾರ ಒಬ್ಬರು ತಾಯಿ ಮಗುವಿನ ಬದಲು ತಾವೇ ಊದುತ್ತೇನೆ ಅಂದರು.

ಮೂರನೇ ಮಹಡಿ:
ಟೆಸ್ಟು, ಇಂಜೆಕ್ಷನ್ನು, ಮೀನು ಎಲ್ಲ ಆಯಿತು. ಪಾರಿವಾಳದ ಮಾತು ಯಾರೂ ಆಡುವುದಿಲ್ಲ. ನಮ್ಮ ಮೇಲಿನ ಮನೆಯವರು ದಿನಾ ಬೆಳಗ್ಗೆ ಎರಡು ಕೆಜಿ ಜೋಳ ಚೆಲ್ಲುತ್ತಾರೆ, ಪುಣ್ಯಕ್ಕೆ. ಪುಣ್ಯ ಅವರಿಗೆ, ಹಿಕ್ಕೆ ನಮ್ಮ ಬಾಲ್ಕನಿಗೆ. ಹೆಂಡತಿಗೆ ಎಂಟು ತಿಂಗಳು ಒಣಕೆಮ್ಮು, ಏದುಸಿರು. ಉಬ್ಬಸ ಅಂತಲೇ ಪಂಪ್ ಕೊಟ್ಟರು. ಊದಿಸಿದಾಗ ಎಫ್‌ಇವಿ1, ಎಫ್‌ವಿಸಿ (ಒಟ್ಟು ಊದುವ ಗಾಳಿ) ಎರಡೂ ಒಟ್ಟಿಗೆ ಇಳಿದಿದ್ದವು. ಸಿಟಿ ಸ್ಕ್ಯಾನ್ 5,800, ರಕ್ತ ಪರೀಕ್ಷೆ 4,200. ಅದು ಉಬ್ಬಸವೇ ಅಲ್ಲ. ಹಿಕ್ಕೆ, ಗರಿಯ ದೂಳಿನಿಂದ ಶ್ವಾಸಕೋಶದ ಒಳಗೇ ಉರಿಯೂತ. ಬಲೆ ಕಟ್ಟಿಸಲು 11,000. ಅಸೋಸಿಯೇಷನ್‌ಗೆ ನಾಲ್ಕು ಪತ್ರ.

ಶಾರದಕ್ಕ:
ಪಕ್ಷಿಗಳಿಗೆ ಕಾಳು ಹಾಕುವುದು ನಮ್ಮ ಮನೆತನದಲ್ಲಿ ಮೂರು ತಲೆಮಾರಿಂದ ನಡೆದಿದೆ. ಯಾರಿಗೂ ಏನೂ ಆಗಿಲ್ಲ. ಕಾರಿನ ಹೊಗೆ ಬಿಟ್ಟು ಪಾರಿವಾಳ ಕಂಡಿತಾ ನಿಮಗೆ? ಬೆಂಗಳೂರಿನಲ್ಲಿ ಡಾ. ಎಚ್. ಪರಮೇಶ್ ಅವರು 18ರೊಳಗಿನ ಮಕ್ಕಳಲ್ಲಿ ನೋಡಿದ ಲೆಕ್ಕ ಇದೆ. ಉಬ್ಬಸ 1979ರಲ್ಲಿ ಶೇ. 9, 1999ರಲ್ಲಿ ಶೇ. 29.5. ಆ ಇಪ್ಪತ್ತು ವರ್ಷದಲ್ಲಿ ಹೆಚ್ಚಿದ್ದು ಪಾರಿವಾಳವೋ, ಗಾಡಿಯೋ?

ಮೂರನೇ ಮಹಡಿ:
ಅಕ್ಕ, ನಾನು ಹೇಳಿದ ಕಾಯಿಲೆಯೇ ಬೇರೆ. ಮತ್ತೆ ನೀವು ಯಾವ ಬ್ಲಾಕ್?

ದಾವಣಗೆರೆ ಬೆಣ್ಣೆ:
ಗಾಡಿ ಹೊಗೆ ಅಂತ ಬೆಂಗಳೂರು ಬಿಟ್ಟು ಬನ್ನಿ ಅನ್ನುವವರೂ ಇರುತ್ತಾರೆ, ಅವರಿಗೆ ಒಂದು ಮಾತು. ನಾವು ಇರುವುದು ದಾವಣಗೆರೆಯಲ್ಲೇ, ಆದರೂ ಮಗನಿಗೆ ಬಂತು.

ಪುಟ್ಟಿ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಟೆಸ್ಟ್ ಮಾಡಿಸಬೇಕಾ ಬೇಡವಾ ಅಂತ ನನಗೆ ಇನ್ನೂ ಗೊತ್ತಾಗಲಿಲ್ಲ. ಮೂಗಿನ ಸ್ಪ್ರೇ ಬಗ್ಗೆ ಒಬ್ಬರೂ ಹೇಳಲಿಲ್ಲ.

ಅಡಿಕೆ ಮಂಡಿ:
ಸ್ಪ್ರೇ ಬಿಡಬೇಡಿ ತಂಗಿ. ಮೂಗು, ಎದೆ ಒಂದೇ ಕೊಳವೆ. ನನಗೆ ಎದೆಗೆ ಹತ್ತು ಡಾಕ್ಟರು ನೋಡಿದರು, ಮೂಗಿಗೆ ಟಾರ್ಚ್ ಬಿಟ್ಟವರು ಹನ್ನೊಂದನೆಯವರು. ಮೂಗು ಸರಿ ಮಾಡಿದ ಮೇಲೆ ರಾತ್ರಿ ಕೆಮ್ಮು ಅರ್ಧ ಇಳಿಯಿತು. ನೇರ ಮಧ್ಯಕ್ಕೆ ಹೊಡೆಯಬೇಡಿ, ರಕ್ತ ಬರುತ್ತೆ. ಬಲಗೈಯಲ್ಲಿ ಎಡ ಹೊಳ್ಳೆಗೆ, ಎಡಗೈಯಲ್ಲಿ ಬಲ ಹೊಳ್ಳೆಗೆ, ಕಿವಿ ಕಡೆಗೆ ತಿರುಗಿಸಿ.

ಪುಟ್ಟಿ ಅಮ್ಮ:
ಇದು ಉಪಯೋಗ ಆಯಿತು ಅಣ್ಣ. ನಿನ್ನೆಯಿಂದ ಇನ್‌ಹೇಲರೂ ಶುರು ಮಾಡಿದೆವು. ಅತ್ತೆ ಸ್ಪೇಸರ್ ತಿರುಗಿಸಿ ನೋಡಿ, "ಈ ಪ್ಲಾಸ್ಟಿಕ್ ಡಬ್ಬಕ್ಕೆ 620 ಕೊಟ್ಟೆಯಾ?" ಅಂದರು. ಆಮೇಲೆ ಅವರೇ ಅದನ್ನು ಸೋಪು ನೀರಲ್ಲಿ ತೊಳೆದು ಒಣಗಿಸಿಟ್ಟರು.

ದಾವಣಗೆರೆ ಬೆಣ್ಣೆ:
620ಆ? ಮಾಸ್ಕ್ ಸೇರಿಯಾ? ನನಗೆ ಇಲ್ಲಿ 850 ಹಾಕಿದ್ದಾರೆ. ಯಾವ ಅಂಗಡಿ ಹೇಳಿ.