ಟಾಟಾ 1613: ಎಕ್ಸಾಸ್ಟ್ ಮ್ಯಾನಿಫೋಲ್ಡ್ ಬೋಲ್ಟ್ ಯಾವ ಅಳತಿ, ಯಾವ ಗ್ರೇಡ್ ಹಾಕಬೇಕು?

ಹಾವೇರಿ ಲಾರಿ:

ನಮಸ್ಕಾರ್ರಿ. ಗಾಡಿ ಹಳೇ ಟಾಟಾ 1613, ಕಮ್ಮಿನ್ಸ್ 6ಬಿಟಿ 5.9 ಟರ್ಬೊ ಎಂಜಿನ್. ಹುಬ್ಬಳ್ಳಿ–ಅಂಕೋಲಾ ರೋಡಿನ್ಯಾಗ ಓಡತೈತಿ, ಅರಬೈಲ್ ಘಾಟ್ ಏರೂಮುಂದ ಪೂರ್ತಿ ಲೋಡ್ ಇರತೈತಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದ್ರ ಟಿಕ್ ಟಿಕ್ ಸಪ್ಪಳ, ಕಾದಮ್ಯಾಲೆ ಕಮ್ಮಿ. ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ ಹೆಡ್ಡಿಂದ ಹೊಗಿ ಒಯ್ಯೂ ಪೈಪು) ಕೂಡೂ ಕಡೆ, 6ನೇ ಪೋರ್ಟಿನ (ಹೊಗಿ ಹೊರಬೀಳೂ ತೂತು) ಹತ್ರ ಹೆಡ್ಡಿನ ಮ್ಯಾಲೆ ಮಸಿ ಗೆರಿ ಮೂಡೈತಿ. ಹಿಂದಿನ ತುದಿಯ ಎರಡೂ ಬೋಲ್ಟ್ ಮುರದಾವ. ಒಂದು 5 ಮಿ.ಮೀ. ಹೊರಗ ಉಳದೈತಿ, ಇನ್ನೊಂದು ಹೆಡ್ಡಿಗೆ ಸಮ ಆಗೈತಿ.

ಅಂಗಡ್ಯಾಗ ಮೂರು ನಮೂನಿ ತೋರಸ್ಯಾರ: ಬಿಳಿ ಝಿಂಕ್ ಲೇಪದ 8.8, ಕರಿ ಬಣ್ಣದ 12.9 (ಈ ಅಂಕಿ ಬೋಲ್ಟಿನ ಗಟ್ಟಿತನದ ಗ್ರೇಡ್), ಸ್ಟೇನ್‌ಲೆಸ್. ಯಾವುದು ತಗೋಬೇಕು? ಹಳೇ ಬೋಲ್ಟಿನ್ಯಾಗ ಕೆಲವಕ್ಕ ಉದ್ದನ ಬುಶ್ (ಬೋಲ್ಟ್ ತೂರೂ ಕೊಳವಿ) ಐತಿ, ಕೆಲವಕ್ಕ ಬರೇ ಸ್ಪ್ರಿಂಗ್ ವಾಷರ್. ಯಾವುದು ಸರಿ? ಉದ್ದ ಹೆಂಗ ಅಳೀಬೇಕು?

ಗೋಕುಲ ರೋಡ್ ಲೇಥ್:

ನಿಮ್ಮ ಎಂಜಿನ್ನಿಗೆ ಒಟ್ಟು 12 ಬೋಲ್ಟ್ರಿ, ಪೋರ್ಟಿಗೆ ಎರಡು. ಥ್ರೆಡ್ ಎಂ10 × 1.5, ಅಂದ್ರ 10 ಮಿ.ಮೀ. ದಪ್ಪ, ಥ್ರೆಡ್ಡಿಂದ ಥ್ರೆಡ್ಡಿಗೆ ಅಂತರ (ಪಿಚ್) 1.5 ಮಿ.ಮೀ. ಆದ್ರೂ ಹಳೇ ಗಾಡಿ, ಯಾರರ ನಡುವ ಟ್ಯಾಪ್ ಹೊಡದು ಬದಲಿ ಮಾಡಿರಬಹುದು, ಅದಕ್ಕ ಚಲೋ ಉಳದ ಒಂದು ಬೋಲ್ಟ್ ಬಿಚ್ಚಿ ಅಳದ ನೋಡ್ರಿ. 10 ಥ್ರೆಡ್ಡಿನ ಅಂತರ ವರ್ನಿಯರ್‌ನ್ಯಾಗ 15 ಮಿ.ಮೀ. ಬಂದ್ರ 1.5 ಪಿಚ್, 12.5 ಬಂದ್ರ 1.25. ಇಲ್ಲಿ ಮೋಸ ಹೋಗೂದು ಇಂಚಿಗೆ 16 ಥ್ರೆಡ್ ಇರೂ 3/8 ಇಂಚಿನ ಬೋಲ್ಟಿಗೆ. ಅದು 9.5 ಮಿ.ಮೀ. ದಪ್ಪ, 10 ಥ್ರೆಡ್ಡಿಗೆ 15.9 ಮಿ.ಮೀ. ಎಂ10 ತೂತಿನ್ಯಾಗ ಕೈಲೇ ಮೂರ್ನಾಕು ಸುತ್ತು ಸಲೀಸಾಗಿ ಹೋಗತೈತಿ, ಆಮ್ಯಾಲೆ ಬಿಗೀತೈತಿ. ಪಾನಾ ಹಾಕಿ ತಿರುವಿದ್ರ ಹೆಡ್ಡಿನ ಥ್ರೆಡ್ ಹಾಳು. ಡಬ್ಬಿ ತುಂಬ ಕಲಸಿಟ್ಟ ಬೋಲ್ಟಿನಿಂದ ಆರಿಸಿ ಹಾಕಬ್ಯಾಡ್ರಿ.

ಉದ್ದಕ್ಕ: ಮ್ಯಾನಿಫೋಲ್ಡ್ ಫ್ಲ್ಯಾಂಜಿನ (ಬೋಲ್ಟ್ ತೂತಿರೂ ಅಂಚು) ದಪ್ಪ, ಪ್ಯಾಕಿಂಗ್ (ನಡುವಿನ ಗ್ಯಾಸ್ಕೆಟ್), ಬುಶ್ ಕೂಡಿಸಿ ಅದಕ್ಕ 15 ಮಿ.ಮೀ. ಸೇರಸ್ರಿ. ಬೀಡು ಕಬ್ಬಿಣದ ಹೆಡ್ಡಿನ್ಯಾಗ ಬೋಲ್ಟಿನ ದಪ್ಪದ ಒಂದೂವರೆ ಪಟ್ಟು ಥ್ರೆಡ್ ಹಿಡದ್ರ ಸಾಕು. ತೂತಿನ ಆಳಾನೂ ವರ್ನಿಯರ್ ಬಾಲದಿಂದ ಅಳೀರಿ. ಬೋಲ್ಟಿನ ತುದಿ ತಳಕ್ಕ ಮುಟ್ಟದ 2–3 ಮಿ.ಮೀ. ಬಿಟ್ಟು ನಿಲ್ಲಬೇಕು. ತಳಕ್ಕ ಮುಟ್ಟಿದ ಬೋಲ್ಟ್ ಕೈಗೆ ಬಿಗಿ ಅನಸ್ತೈತಿ, ಖರೇ ಅಂದ್ರ ಮ್ಯಾನಿಫೋಲ್ಡ್ ಒತ್ತಿ ಹಿಡದಿರೂದಿಲ್ಲ.

ಗ್ರೇಡಿನ ಬಗ್ಗೆ: ಕಂಪನಿ ಪಾರ್ಟ್ ಸಿಕ್ಕರ ಅದನ್ನ ತಗೋರಿ. ಇಲ್ಲಂದ್ರ ಲೇಪ ಇಲ್ಲದ ಕರಿ 10.9, ಅದೂ ತಲಿ ಮ್ಯಾಲೆ ತಯಾರಕರ ಗುರ್ತು ಮತ್ತ ಗ್ರೇಡ್ ಅಚ್ಚು ಇದ್ದದ್ದು. ಝಿಂಕ್ ಬ್ಯಾಡ. ಝಿಂಕ್ 419 ಡಿಗ್ರಿಗೆ ಕರಗತೈತಿ, ಅದಕ್ಕಿಂತ ಎಷ್ಟೋ ಮದ್ಲ ಲೇಪ ಕೆಟ್ಟು ಉದರತೈತಿ. 12.9ಕ್ಕ ರೊಕ್ಕ ಹೆಚ್ಚು ಕೊಟ್ಟು ಲಾಭ ಇಲ್ಲ. ಗಡಸು ಹೆಚ್ಚಿದ್ದಷ್ಟು ಬಾಗೂದು ಕಮ್ಮಿ, ಸಣ್ಣ ಗೀರಿನಿಂದ್ಲೂ ಬಿರುಕು ಶುರು ಆಗತೈತಿ. ಈ ಜಾಗಾಕ್ಕ ಅಂಥ ಬೋಲ್ಟ್ ಹೊಂದೂದಿಲ್ಲ.

ಧಾರವಾಡ ಡೀಸೆಲ್:

ಸ್ಟೇನ್‌ಲೆಸ್ ಯಾಕೆ ಬೇಡ ಅನ್ನೋದನ್ನ ಲೆಕ್ಕದಲ್ಲೇ ನೋಡೋಣ, ಬುಶ್ ಪ್ರಶ್ನೆಗೂ ಅಲ್ಲೇ ಉತ್ತರ ಇದೆ. ಎಂ10 ಬೋಲ್ಟನ್ನ 43 ನ್ಯೂಟನ್ ಮೀಟರ್‌ಗೆ ಬಿಗಿದಾಗ, ಹಿಡಿತದ ಉದ್ದ (ಬೋಲ್ಟಿನ ತಲೆಯಿಂದ ಹೆಡ್‌ನ ಮುಖದವರೆಗೆ) 60 ಮಿ.ಮೀ. ಇದ್ದರೆ ಅದು ಹಿಗ್ಗೋದು ಸುಮಾರು 0.11 ಮಿ.ಮೀ. ಮಾತ್ರ. ಈ ಹಿಗ್ಗೇ ಮ್ಯಾನಿಫೋಲ್ಡನ್ನ ಒತ್ತಿ ಹಿಡಿಯೋದು. ಸಾಮಾನ್ಯ ಸ್ಟೇನ್‌ಲೆಸ್ ಬಿಸಿಗೆ ಬೀಡಿಗಿಂತ ಸುಮಾರು ಒಂದೂವರೆ ಪಟ್ಟು ಹೆಚ್ಚು ಹಿಗ್ಗುತ್ತೆ. ಬಿಸಿ 250 ಡಿಗ್ರಿ ಏರಿದರೆ ಆ 60 ಮಿ.ಮೀ.ನಲ್ಲಿ ವ್ಯತ್ಯಾಸ ಹತ್ತಿರ ಹತ್ತಿರ 0.09 ಮಿ.ಮೀ. ಅಂದರೆ ಬಿಗಿಯ ಬಹುಪಾಲು ಘಾಟ್ ಏರುವಾಗಲೇ ಹೋಯ್ತು. ಮೇಲಾಗಿ ಎ2-70 ಸ್ಟೇನ್‌ಲೆಸ್ 450 ಮೆಗಾಪಾಸ್ಕಲ್‌ಗೇ ಎಳೆದುಕೊಳ್ಳೋಕೆ ಶುರುಮಾಡುತ್ತೆ, 8.8 ಬೋಲ್ಟ್ 640ರವರೆಗೆ ತಡೆಯುತ್ತೆ. ಬಿಚ್ಚುವಾಗ ಥ್ರೆಡ್ ಕಚ್ಚಿಕೊಳ್ಳೋದು ಬೇರೆ.

ಈಗ ಬುಶ್. ಅದೇ ಬೋಲ್ಟಿನ ಹಿಡಿತ 20 ಮಿ.ಮೀ. ಇದ್ದರೆ ಹಿಗ್ಗು 0.04 ಮಿ.ಮೀ.ಗೂ ಕಡಿಮೆ. ಪ್ಯಾಕಿಂಗ್ ಸ್ವಲ್ಪ ಕೂತರೂ ಬಿಗಿ ಖಾಲಿ. ಉದ್ದ ಬೋಲ್ಟ್ ಜೊತೆ ಬುಶ್ ಹಾಕಿರೋದು ಇದಕ್ಕೇ, ತೆಗೆದು ಸಣ್ಣ ಬೋಲ್ಟ್ ಹಾಕಬೇಡಿ. ಕಳೆದುಹೋದವಕ್ಕೆ ಅದೇ ಉದ್ದದ ಬುಶ್‌ಗಳನ್ನ ಲೇಥ್‌ನಲ್ಲಿ ಮಾಡಿಸಿ, ಎರಡೂ ಮುಖ ಚೌಕಾಗಿರಲಿ. ಸ್ಪ್ರಿಂಗ್ ವಾಷರ್ ಆ ಬಿಸಿಗೆ ಮೆತ್ತಗಾಗಿ ಸತ್ತೇ ಹೋಗುತ್ತೆ, ಅದನ್ನ ಬಿಟ್ಟುಬಿಡಿ.

ಆದರೆ ಬರೀ ಬೋಲ್ಟ್ ಬದಲಿಸಿದರೆ ಮತ್ತೆ ಅದೇ ತುದಿ ಮುರಿಯುತ್ತೆ. 700 ಮಿ.ಮೀ. ಉದ್ದದ ಬೀಡಿನ ಮ್ಯಾನಿಫೋಲ್ಡ್ 400 ಡಿಗ್ರಿ ಕಾದರೆ ಸುಮಾರು 3 ಮಿ.ಮೀ. ಬೆಳೆಯುತ್ತೆ. ನೀರಿನಿಂದ ತಣ್ಣಗಿರೋ ಹೆಡ್ ಅರ್ಧ ಮಿ.ಮೀ. ಬೆಳೆದರೆ ಹೆಚ್ಚು. ಆ ಎರಡೂವರೆ ಮಿ.ಮೀ. ಪೂರ್ತಿ ತುದಿಗಳ ಕಡೆ ಜಾರಬೇಕು. ಜಾರೋಕೆ ಬಿಡದೆ ಹೋದರೆ ಬೋಲ್ಟ್ ಪ್ರತಿ ಸಲ ಅಡ್ಡಕ್ಕೆ ಬಾಗಿ ಬಾಗಿ ಮುರಿಯುತ್ತೆ. ಅದಕ್ಕೇ ಯಾವಾಗಲೂ 1 ಮತ್ತು 6ನೇ ಪೋರ್ಟಿನವೇ ಮೊದಲು ಹೋಗೋದು.

ಮ್ಯಾನಿಫೋಲ್ಡ್ ಕೆಳಗಿಳಿಸಿ ಆರೂ ಮುಖದ ಮೇಲೆ ಸ್ಟ್ರೇಟ್ ಎಡ್ಜ್ (ನೇರ ಪಟ್ಟಿ) ಇಡಿ. ಎಲ್ಲಾದರೂ 0.2 ಮಿ.ಮೀ. ಫೀಲರ್ (ಸಂದು ಅಳೆಯೋ ತೆಳು ಪಟ್ಟಿ) ನುಗ್ಗಿದರೆ ಮಷೀನ್‌ನಲ್ಲಿ ಫೇಸಿಂಗ್ (ಮುಖ ಸಮ ಮಾಡೋದು) ಮಾಡಿಸಿ, ಆರೂ ಮುಖ ಒಂದೇ ಸೆಟ್ಟಿಂಗ್‌ನಲ್ಲಿ ಆಗಬೇಕು. ಹಳೆಯ ಮ್ಯಾನಿಫೋಲ್ಡ್ ಕಾದು ಆರಿ ಉದ್ದದಲ್ಲಿ ಕುಗ್ಗಿರುತ್ತೆ ಕೂಡ. ಪ್ಯಾಕಿಂಗ್ ಇಲ್ಲದೆ ಎತ್ತಿ ಹಿಡಿದು 12 ಬೋಲ್ಟೂ ಕೈಯಲ್ಲೇ ನೇರ ಹೋಗುತ್ತವಾ ನೋಡಿ. ತುದಿಯವು ತೂತಿನ ಅಂಚಿಗೆ ತಾಗುತ್ತಿದ್ದರೆ ಆ ತೂತುಗಳನ್ನಷ್ಟೇ 1 ಮಿ.ಮೀ. ಅಗಲ ಮಾಡಿಸಿ. ಟರ್ಬೊದಿಂದ ಕೆಳಗಿಳಿಯೋ ಪೈಪಿನ ಬ್ರಾಕೆಟ್ ಮುರಿದಿದೆಯಾ, ಎಂಜಿನ್ ಮೌಂಟಿಂಗ್ ರಬ್ಬರ್ ಕೂತಿದೆಯಾ, ಇವನ್ನೂ ನೋಡಲೇಬೇಕು. ಬ್ರಾಕೆಟ್ ಇಲ್ಲದಿದ್ದರೆ ಪೈಪಿನ ತೂಕವೆಲ್ಲ ಮ್ಯಾನಿಫೋಲ್ಡ್ ಮೇಲೇ ಜೋತಾಡುತ್ತೆ.

ಹಾವೇರಿ ಲಾರಿ:

ಭಾಳ ಉಪಕಾರ ಆತ್ರಿ. ಪೈಪಿನ ಬ್ರಾಕೆಟ್ ಮುರದದ್ದ ಐತಿ, ಈಗ ನೋಡಿದೆ. ಹೆಡ್ಡಿಗೆ ಸಮ ಮುರದ ಬೋಲ್ಟ್ ತೆಗಿಯಾಕ ಈಜಿ ಔಟ್ (ಬೋಲ್ಟಿನ್ಯಾಗ ತೂತು ಹೊಡದು ಉಲ್ಟಾ ತಿರುವಿ ತೆಗಿಯೂ ಹತಾರ) ನಡೀತೈತೇನು?

ಗದಗ ವೆಲ್ಡಿಂಗ್:

ಈಜಿ ಔಟ್ ಬ್ಯಾಡ್ರಿ ಅಣ್ಣಾರ. ಕಚ್ಚಿದ ಬೋಲ್ಟಿನ್ಯಾಗ ಅದ ಮುರದ್ರ ಸಾದಾ ಡ್ರಿಲ್ ಬಿಟ್ ಅದರ ಮ್ಯಾಲೆ ಓಡೂದಿಲ್ಲ. ಕಾರ್ಬೈಡ್ ಬಿಟ್ ಬೇಕು, ಇಲ್ಲಾ ಹೆಡ್ ಬಿಚ್ಚಿ ಸ್ಪಾರ್ಕ್ ಮಷೀನಿಗೆ (ಕರೆಂಟ್ ಕಿಡಿಯಿಂದ ಲೋಹ ಸವಸೂದು) ಒಯ್ಯಬೇಕು.

ಮದ್ಲ ಬ್ಯಾಟರಿ ಎರಡೂ ವೈರ್, ಆಲ್ಟರ್ನೇಟರ್ ವೈರ್ ಬಿಚ್ಚಿ ಇಡ್ರಿ. ಹಿಂದಿನ ದಿನಾನ ತುಕ್ಕು ಬಿಡಸೂ ಎಣ್ಣಿ ಹೊಡೀರಿ, ವೆಲ್ಡಿಂಗ್ ಮುಂದ ಒರಸಿ ತಗೀರಿ. ಹೊರಗ ಉಳದದ್ದಕ್ಕ ಎಂ10 ನಟ್ ಕೂಡಿಸಿ ನಟ್ಟಿನ ಒಳಗ ವೆಲ್ಡ್ ಮಾಡ್ರಿ. ಸಮ ಮುರದದ್ದಕ್ಕ 8 ಮಿ.ಮೀ. ತೂತಿನ ವಾಷರ್ ಮದ್ಲ ಬೋಲ್ಟಿಗೆ ಕೂಡಿಸಿ, ಅದರ ಮ್ಯಾಲೆ ನಟ್. 2.5 ಮಿ.ಮೀ. ರಾಡ್ ಸಾಕು, ನಡುವಿನಿಂದ ಶುರು ಮಾಡಿದ್ರ ಹೆಡ್ಡಿಗೆ ಹತ್ತೂದಿಲ್ಲ. ಕೆಂಪಗ ಇದ್ದಾಗ ತಿರುವಬ್ಯಾಡ್ರಿ. ಕಾದ ಬೋಲ್ಟ್ ಉಬ್ಬಿರತೈತಿ, ಮೆತ್ತಗೂ ಇರತೈತಿ. ಕೈ ಮುಟ್ಟುವಷ್ಟು ಆರಲಿ, ಮತ್ತ ಎಣ್ಣಿ ಬಿಡ್ರಿ, ಕಾಲು ಸುತ್ತು ಹಿಂದ, ಕಾಲು ಸುತ್ತು ಮುಂದ ಅಲ್ಲಾಡಸ್ರಿ. ನಟ್ ಕಿತ್ತು ಬಂದ್ರ ಮತ್ತೊಂದು ಹಚ್ಚರಿ, ಎರಡ್ಮೂರು ಸಲ ಕಾದು ಆರಿದಮ್ಯಾಲೆ ಸಡಿಲ ಆಗೂದ ಹೆಚ್ಚು.

ಆಗಲಿಲ್ಲಂದ್ರ ಡ್ರಿಲ್. ಮ್ಯಾನಿಫೋಲ್ಡನ್ನ ಉಳದ ಬೋಲ್ಟಿಂದ ಬಿಗದು, ತೂತಿಗೆ ಗಟ್ಟಿ ಕೂಡೂವಂಥ, ನಡುವ 5 ಮಿ.ಮೀ. ತೂತಿರೂ ಬುಶ್ ತಯಾರಿಸಿ ಅದರೊಳಗಿಂದ ಬಿಟ್ ಹಾಯಸ್ರಿ, ನಡುವ ತಪ್ಪೂದಿಲ್ಲ. ಬಿಟ್ಟಿಗೆ ಟೇಪ್ ಸುತ್ತಿ ಆಳದ ಗುರ್ತು ಇಡ್ರಿ, ಒಳಗ ನೀರಿನ ಜಾಕೆಟ್ ಇರತೈತಿ. ಆಮ್ಯಾಲೆ 6.8, ಕಡೀಕ 8.5. ಉಳದ ಸುರುಳಿ ಕಿತ್ತು ಎಂ10 × 1.5 ಟ್ಯಾಪ್ ಹಾಯಸ್ರಿ. ಥ್ರೆಡ್ ಕೆಟ್ಟಿದ್ರ 10.4 ಬಿಟ್ ಹೊಡದು ಹೆಲಿಕಾಯಿಲ್ (ಹೊಸ ಥ್ರೆಡ್ ಕೊಡೂ ತಂತಿ ಸುರುಳಿ) ಹಾಕಬಹುದು.

ಗೋಕುಲ ರೋಡ್ ಲೇಥ್:

ಕೂಡಸೂಮುಂದ 6 ಹೊಸ ಪ್ಯಾಕಿಂಗ್ ಒಣಗೇ ಹಾಕ್ರಿ, ಸಿಲಿಕಾನ್ ಪೇಸ್ಟ್ ಸುಟ್ಟು ಹೋಗತೈತಿ. 12 ಬೋಲ್ಟೂ ಹೊಸಾವ ಆಗಲಿ. ನಡುವಿನ ಪೋರ್ಟಿಂದ ಎರಡೂ ತುದಿ ಕಡೆ ಮದ್ಲ 20, ಆಮ್ಯಾಲೆ 43 ನ್ಯೂಟನ್ ಮೀಟರ್. ಟಾರ್ಕ್ ಪಾನಾ ಬಾಡಿಗಿಗಿ ಸಿಗದಿದ್ರ, ಒಂದು ಅಡಿ ಪಾನಾದ ತುದೀಗೆ 14–15 ಕೆ.ಜಿ. ತೂಕದಷ್ಟು ಒತ್ತು.

ಧಾರವಾಡ ಡೀಸೆಲ್:

ಥ್ರೆಡ್‌ಗೆ ತಾಮ್ರ ಅಥವಾ ನಿಕಲ್ ಆ್ಯಂಟಿ ಸೀಜ್ (ಥ್ರೆಡ್ ಕಚ್ಚದಂತೆ ತಡೆಯೋ ಪೇಸ್ಟ್) ಸವರಿದರೆ 43 ತೀರಾ ಹೆಚ್ಚಾಗುತ್ತೆ, ಅದೇ ಟಾರ್ಕ್‌ಗೆ ಬೋಲ್ಟ್ ಇನ್ನೂ ಜಾಸ್ತಿ ಎಳೆಯುತ್ತೆ. 35ಕ್ಕೆ ನಿಲ್ಲಿಸಿ. ಬ್ರಾಕೆಟ್ ಬೋಲ್ಟುಗಳನ್ನ ಮ್ಯಾನಿಫೋಲ್ಡ್ ಪೂರ್ತಿ ಬಿಗಿದ ಮೇಲೆ, ಪೈಪ್ ತಾನಾಗೇ ನಿಂತ ಜಾಗದಲ್ಲಿ ಬಿಗಿಯಿರಿ. ಪೈಪ್ ಎಳೆದು ಕೂರಿಸಬೇಡಿ. ಮೊದಲ ಲೋಡ್ ಮುಗಿದು ಎಂಜಿನ್ ಪೂರ್ತಿ ತಣ್ಣಗಾದಾಗ ಅದೇ ಕ್ರಮದಲ್ಲಿ, ಅದೇ ಟಾರ್ಕ್‌ಗೆ ಇನ್ನೊಂದು ಸುತ್ತು ನೋಡಿ.