ಧ್ವನಿತಂತುಗಳಲ್ಲಿ ಗಂಟು ಅಂತ ವರದಿ ಬಂದಿದೆ: ಆಪರೇಷನ್ ಬೇಕಾ, ಸ್ಪೀಚ್ ಥೆರಪಿ ಸಾಕಾ?

ಕಡ್ಡಿಪೆಟ್ಟಿಗೆ (ಪ್ರಶ್ನೆ)

ನಮ್ಮ ಅತ್ತಿಗೆಗೆ 36 ವರ್ಷ, ಪ್ರಾಥಮಿಕ ಶಾಲೆಯಲ್ಲಿ ಟೀಚರ್. ದಿನಕ್ಕೆ 40 ನಿಮಿಷದ ಐದು ಪೀರಿಯಡ್. ಮೂರು ತಿಂಗಳಿಂದ ಧ್ವನಿ ಒಡೆದಿದೆ. ಬೆಳಿಗ್ಗೆ ಪರವಾಗಿಲ್ಲ, ಸಂಜೆ ಹೊತ್ತಿಗೆ ಬಿದ್ದೇ ಹೋಗುತ್ತೆ. ಸ್ಟ್ರೋಬೋಸ್ಕೋಪಿ (ಮಿಣುಕುವ ಬೆಳಕಲ್ಲಿ ಧ್ವನಿತಂತುಗಳ ಕಂಪನ ನೋಡೋ ಪರೀಕ್ಷೆ) ವರದಿ: ಎರಡೂ ಧ್ವನಿತಂತುಗಳಲ್ಲಿ ಸಣ್ಣ ಗಂಟು, ಮುಚ್ಚುವಾಗ ಮರಳು ಗಡಿಯಾರದ ಆಕಾರದ ಸಂದು, ಮೇಲ್ಪದರದ ಅಲೆ ಇದೆ. ಸ್ಪೀಚ್ ವಿಭಾಗದ ಹಾಳೆಯಲ್ಲಿ ಹೀಗಿದೆ: 'ಆ' 8 ಸೆಕೆಂಡ್, ಸ್/ಜ಼್ ಅನುಪಾತ 1.7, ಜಿ2 ಆರ್1 ಬಿ2 ಎ0 ಎಸ್2. ತಂಬಾಕು ಇಲ್ಲ, ಥೈರಾಯ್ಡ್ ಆಪರೇಷನ್ ಆಗಿಲ್ಲ.

ಇದರ ಅರ್ಥ ಏನು? ಗಂಟು ಅಂದಮೇಲೆ ಕತ್ತರಿಸಿ ತೆಗೆಸೋದೇ ಒಳ್ಳೇದು ಅಂತ ಮನೆಯಲ್ಲಿ ಎಲ್ಲರೂ ಹೇಳ್ತಿದ್ದಾರೆ.

ದನಿಗನ್ನಡಿ (ಸ್ಪೀಚ್ ಥೆರಪಿ)

ಮೊದಲು ಗಂಟು ಯಾಕೆ ಬಂತು ನೋಡಿ. ಹೆಂಗಸರ ಮಾತಿನಲ್ಲಿ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 200 ಸಲ ಒಂದಕ್ಕೊಂದು ತಾಗುತ್ತವೆ. ತರಗತಿಯಲ್ಲಿ ಏರಿಸಿದ ಧ್ವನಿಗೆ 220 ಅಂತ ಇಟ್ಟುಕೊಳ್ಳಿ. 40 ನಿಮಿಷದಲ್ಲಿ ಕಾಲುಭಾಗ ಮಾತ್ರ ತಂತು ಕಂಪಿಸಿದರೂ ಒಂದು ಪೀರಿಯಡ್ಡಿಗೆ 1.32 ಲಕ್ಷ ಪೆಟ್ಟು, ಐದಕ್ಕೆ 6.6 ಲಕ್ಷ. ಪೆಟ್ಟು ಜೋರಾಗಿ ಬೀಳುವುದು ಮುಂದಿನ ಮೂರನೇ ಒಂದು ಭಾಗ ಮುಗಿಯುವ ಜಾಗದಲ್ಲಿ, ಅಂದರೆ ಕಂಪಿಸುವ ಭಾಗದ ನಟ್ಟನಡುವೆ. ಅದಕ್ಕೇ ಗಂಟು ಎರಡೂ ಕಡೆ ಎದುರುಬದುರು ಕೂರುತ್ತದೆ. ಗುದ್ದಲಿ ಹಿಡಿದ ಅಂಗೈ ಜಡ್ಡುಗಟ್ಟಿದ ಹಾಗೆ. ಮೊದಲು ಮೆತ್ತಗಿನ ಊತ, ವರ್ಷಗಟ್ಟಲೆ ಬಿಟ್ಟರೆ ಗಟ್ಟಿ.

ಈಗ ವರದಿ. ಸಂದು ಮರಳು ಗಡಿಯಾರದ ಆಕಾರ ಅಂದರೆ (ನಮ್ಮ ಡಮರು ಅಂದುಕೊಳ್ಳಿ) ನಡುವೆ ಗಂಟುಗಳು ತಾಗಿ, ಹಿಂದೆ ಮುಂದೆ ತೆರೆದೇ ಇರುತ್ತದೆ. ಅಲ್ಲಿಂದ ಗಾಳಿ ಸೋರುತ್ತದೆ. 'ಆ' 8 ಸೆಕೆಂಡಿಗೇ ನಿಲ್ಲುವುದು ಅದಕ್ಕೆ. ವಯಸ್ಕರಲ್ಲಿ 15ರಿಂದ 20 ಸೆಕೆಂಡ್ ನಿರೀಕ್ಷೆ, 10ಕ್ಕಿಂತ ಕಡಿಮೆಯಾದರೆ ಅನುಮಾನ. 'ಸ್' ಎಳೆಯಲು ತಂತು ಬೇಡ, 'ಜ಼್' ಎಳೆಯಲು ಬೇಕು. ಎರಡೂ ಹೆಚ್ಚುಕಡಿಮೆ ಸಮ ಇರಬೇಕು, 1.4 ದಾಟಿದರೆ ತಂತು ಸರಿಯಾಗಿ ಮುಚ್ಚುತ್ತಿಲ್ಲ ಅನ್ನುವ ಸೂಚನೆ. ಆದರೆ ಇಲ್ಲೊಂದು ಎಡವಟ್ಟು ನಡೆಯುತ್ತದೆ. ಕನ್ನಡದಲ್ಲಿ 'ಜ಼್' ಧ್ವನಿ ಇಲ್ಲ. ತುಂಬ ಜನ 'ಜ್' ಅನ್ನುತ್ತಾರೆ, ಅದನ್ನು ಎಳೆಯಲು ಬರುವುದಿಲ್ಲ, ಅನುಪಾತ ಸುಮ್ಮನೆ ಏರುತ್ತದೆ. 'ಸ್' ಎಳೆಯುತ್ತಲೇ ಬಾಯಿ ಬದಲಿಸದೆ ಧ್ವನಿ ಸೇರಿಸಿ, ಗಂಟಲ ಮೇಲೆ ಕೈಯಿಟ್ಟು ಅದುರುವುದು ಗೊತ್ತಾಗಬೇಕು ಅಂತ ಕಲಿಸಿ, ಮೂರು ಸಲ ಅಳೆದು, ದೊಡ್ಡದನ್ನು ಬರೆಯಬೇಕು.

ಜಿ2 ಅಂದರೆ 0–3ರಲ್ಲಿ ಒಟ್ಟು ಕೆಡುಕು ಮಧ್ಯಮ. ಆರ್ ಒರಟುತನ, ಬಿ ಗಾಳಿ ಬೆರೆತದ್ದು, ಎ ನಿಶ್ಶಕ್ತಿ, ಎಸ್ ಬಿಗಿತ. ನನಗೆ ಮುಖ್ಯ ಅನಿಸಿದ್ದು ಎಸ್2. ಸೋರುವ ಗಾಳಿಯನ್ನು ತಡೆಯಲು ಕುತ್ತಿಗೆ ಬಿಗಿಹಿಡಿಯುತ್ತಿದ್ದಾರೆ, ಆ ಬಿಗಿತವೇ ಪೆಟ್ಟನ್ನು ಇನ್ನೂ ಜೋರು ಮಾಡುತ್ತದೆ. ಕತ್ತರಿಸಿದರೆ ಗಂಟು ಹೋಗುತ್ತದೆ, ಬಿಗಿಹಿಡಿಯುವ ಅಭ್ಯಾಸ ಹೋಗುವುದಿಲ್ಲ. ಹಾಗಾಗಿ ಮೊದಲು ಥೆರಪಿ. ಸಾಮಾನ್ಯವಾಗಿ 6–8 ವಾರ, ವಾರಕ್ಕೆ ಒಂದೆರಡು ಸಲ, ಉಳಿದದ್ದು ಮನೆಯಲ್ಲಿ.

ಸ್ಟ್ರಾ ಅಭ್ಯಾಸ ಈಗಲೇ ಶುರುಮಾಡಬಹುದು. ಲೋಟದಲ್ಲಿ ಅರ್ಧ ನೀರು, ಜ್ಯೂಸಿನ ಮಾಮೂಲಿ ಸ್ಟ್ರಾ, ತುದಿ 2 ಸೆಂ.ಮೀ. ಮಾತ್ರ ಮುಳುಗಲಿ. ತುಟಿ ಸುತ್ತ ಮುಚ್ಚಿ 'ಊ' ಅಂತ ಮೆತ್ತಗೆ ಧ್ವನಿ ಬಿಡಬೇಕು. ಗುಳ್ಳೆ ಒಂದೇ ಸಮ ಬರಬೇಕು. ಒಂದೇ ಸ್ವರದಲ್ಲಿ ಹತ್ತು ಸಲ, ಆಮೇಲೆ ಕೆಳಗಿಂದ ಮೇಲಕ್ಕೆ ಸೈರನ್ನಿನ ಹಾಗೆ ಜಾರಿಸುತ್ತ ಹತ್ತು ಸಲ. ಸ್ಟ್ರಾ ತೆಗೆದು ತಕ್ಷಣ 'ಮಮ್ಮಮ್ಮ', 'ನಾನು ಮನೆಗೆ ಹೋಗ್ತೀನಿ' ಅಂತ ಅದೇ ಸಲೀಸಿನಲ್ಲಿ ಹೇಳಬೇಕು. ಈ ಕೊನೆಯ ಹೆಜ್ಜೆ ಬಿಟ್ಟರೆ ಲಾಭವೆಲ್ಲ ಲೋಟದಲ್ಲೇ ಉಳಿಯುತ್ತದೆ. 3–5 ನಿಮಿಷದಂತೆ ದಿನಕ್ಕೆ ನಾಲ್ಕೈದು ಸಲ. ಅರ್ಧ ಗಂಟೆ ಒಟ್ಟಿಗೆ ಮಾಡುವುದಕ್ಕಿಂತ ಪೀರಿಯಡ್ಡುಗಳ ನಡುವೆ ಮಾಡುವುದು ಮೇಲು.

ತಪ್ಪಾಗುವುದು ಇಲ್ಲಿ: ಧ್ವನಿಯೇ ಇಲ್ಲದೆ ಬರೀ ಊದುವುದು (ಗಂಟಲು ಮುಟ್ಟಿದರೆ ಗೊತ್ತಾಗುತ್ತದೆ), ಮೂಗಿನಿಂದ ಗಾಳಿ ಬಿಡುವುದು (ಒಂದು ಕ್ಷಣ ಮೂಗು ಹಿಡಿಯಿರಿ, ಧ್ವನಿ ಬದಲಾದರೆ ಸೋರುತ್ತಿದೆ), ಸ್ಟ್ರಾ ತಳಮುಟ್ಟ ಮುಳುಗಿಸುವುದು. ಆಳ ಹೆಚ್ಚಿದಷ್ಟೂ ಎದುರೊತ್ತಡ ಹೆಚ್ಚು. ಕುತ್ತಿಗೆಯ ನರ ಉಬ್ಬಿದರೆ ಆಳ ಕಡಿಮೆ ಮಾಡಿ.

ಮೈಕ್ರೋಲಾರಿಂಕ್ಸ್ (ಇಎನ್‌ಟಿ)

ಮೇಲಿನದಕ್ಕೆ ನನ್ನ ಸಹಮತ ಇದೆ, ಒಂದು ಷರತ್ತಿನ ಮೇಲೆ. 'ಗಂಟು' ಅನ್ನುವ ಪದವನ್ನು ವರದಿಗಳಲ್ಲಿ ಸಲೀಸಾಗಿ ಬರೆದುಬಿಡುತ್ತಾರೆ. ಒಂದೇ ಕಡೆ ದೊಡ್ಡದಾಗಿದ್ದು ಎದುರಿನದು ಸಣ್ಣ ತರಚಿನಂತಿದ್ದರೆ ಪಾಲಿಪ್ (ಮೆತ್ತಗಿನ ಉಬ್ಬು) ಅಥವಾ ಸಿಸ್ಟ್ (ಪದರದೊಳಗಿನ ಸಣ್ಣ ಚೀಲ) ಇರಬಹುದು. ಸಿಸ್ಟ್ ಇದ್ದ ಜಾಗದಲ್ಲಿ ಮೇಲ್ಪದರದ ಅಲೆ (ತಂತು ಕಂಪಿಸುವಾಗ ಅದರ ಮೇಲ್ಪದರದಲ್ಲಿ ಹರಿಯುವ ಅಲೆ) ಕುಗ್ಗಿರುತ್ತದೆ ಅಥವಾ ಇರುವುದೇ ಇಲ್ಲ. ಅದು ಥೆರಪಿಯಿಂದ ಕರಗುವುದಿಲ್ಲ, ಆಪರೇಷನ್ ಬೇಕಾಗುತ್ತದೆ. ನಿಮ್ಮ ವರದಿಯಲ್ಲಿ ಅಲೆ ಇದೆ ಅಂತ ಬರೆದಿರುವುದು ಒಳ್ಳೆಯ ಸುದ್ದಿ. ಬರೀ ಕನ್ನಡಿ ಹಿಡಿದು ನೋಡಿದರೆ ಇದು ಕಾಣುವುದಿಲ್ಲ, ಅದಕ್ಕೆ ಸ್ಟ್ರೋಬೋಸ್ಕೋಪಿಯೇ ಬೇಕು.

ಇದನ್ನು ಓದುವ ಬೇರೆಯವರಿಗೆ: ಧ್ವನಿ ಒಡೆದು ನಾಲ್ಕು ವಾರವಾದರೂ ಸರಿಹೋಗದಿದ್ದರೆ ಧ್ವನಿಪೆಟ್ಟಿಗೆಯನ್ನು ನೋಡಿಸಲೇಬೇಕು. ಅಮೆರಿಕದ ಇಎನ್‌ಟಿ ಅಕಾಡೆಮಿಯ 2018ರ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ, ನೋಡದೆ ಆಂಟಿಬಯೋಟಿಕ್, ಸ್ಟೆರಾಯ್ಡ್, ಆಸಿಡಿಟಿ ಮಾತ್ರೆ ಬರೆಯಬೇಡಿ ಅಂತಲೂ ಹೇಳುತ್ತದೆ. ಬೀಡಿ, ಸಿಗರೇಟು, ಗುಟ್ಕಾ ಅಭ್ಯಾಸ, ಕುತ್ತಿಗೆಯಲ್ಲಿ ಗಡ್ಡೆ, ಕಫದಲ್ಲಿ ರಕ್ತ, ನುಂಗಲು ನೋವು, ಉಸಿರಾಡುವಾಗ ಸದ್ದು ಇದ್ದರೆ ನಾಲ್ಕು ವಾರವೂ ಕಾಯಬೇಡಿ. ಥೈರಾಯ್ಡ್ ಆಪರೇಷನ್ ಆದಮೇಲೆ ಧ್ವನಿ ಹೋದರೂ ಹಾಗೆಯೇ. ಎಡಗಡೆಯ ಧ್ವನಿನರ ಎದೆಗೂಡಿಗೆ ಇಳಿದು ಮಹಾಪಧಮನಿಯನ್ನು ಸುತ್ತಿ ಮೇಲೆ ಬರುತ್ತದೆ. ಹಾಗಾಗಿ ಎಡ ತಂತು ನಿಂತುಹೋದರೆ ಎದೆಯ ಸ್ಕ್ಯಾನ್ ಕೂಡ ಮಾಡಿಸುತ್ತೇವೆ.

ಉಬ್ಬಸಕ್ಕೆ ಸ್ಟೆರಾಯ್ಡ್ ಪಫ್ ತೆಗೆದುಕೊಳ್ಳುವವರಿಗೂ ಧ್ವನಿ ಒಡೆಯುತ್ತದೆ. ಪಫ್ ಆದ ಕೂಡಲೇ ನೀರು ಮುಕ್ಕಳಿಸಿ ಉಗಿಯಬೇಕು, ಸ್ಪೇಸರ್ (ಪಫ್‌ಗೂ ಬಾಯಿಗೂ ನಡುವೆ ಜೋಡಿಸುವ ಕೊಳವೆ) ಬಳಸಬೇಕು. ಪಫ್ ನಿಲ್ಲಿಸಬಾರದು.

ಆಪರೇಷನ್ ಯಾವಾಗ? ಸರಿಯಾದ ಥೆರಪಿ ಮುಗಿಸಿದ ಮೇಲೂ ಗಟ್ಟಿ ಗಂಟು ಉಳಿದು, ಧ್ವನಿ ಕೆಲಸಕ್ಕೆ ಬಾರದಿದ್ದರೆ. ಪೂರ್ಣ ಅರಿವಳಿಕೆ ಕೊಟ್ಟು, ಬಾಯಿಯ ಮೂಲಕವೇ, ಮೈಕ್ರೋಸ್ಕೋಪಿನಲ್ಲಿ ನೋಡುತ್ತ ಮೇಲ್ಪದರವನ್ನಷ್ಟೇ ತೆಗೆಯುತ್ತೇವೆ. ಆಳಕ್ಕೆ ಹೋದರೆ ಕಲೆ ಉಳಿದು ಅಲೆ ಶಾಶ್ವತವಾಗಿ ನಿಲ್ಲಬಹುದು. ಆಮೇಲೆ 3ರಿಂದ 7 ದಿನ ಮೌನ, ನಂತರ ಮತ್ತೆ ಥೆರಪಿ. ಥೆರಪಿಯಿಂದ ತಪ್ಪಿಸಿಕೊಳ್ಳಲು ಆಪರೇಷನ್ ಅಂತ ಬರುವವರಿಗೆ ಹೇಳುವುದು ಇಷ್ಟೇ: ಎರಡೂ ಮಾಡಬೇಕಾಗುತ್ತದೆ.

ಶ್ರುತಿಪೆಟ್ಟಿಗೆ

ಧ್ವನಿ ಚಿಕಿತ್ಸೆಯ ತಜ್ಞ ಜೋಸೆಫ್ ಸ್ಟೆಂಪಲ್ ಅವರ ನಾಲ್ಕು ಧ್ವನಿ ಅಭ್ಯಾಸಗಳನ್ನು ನಮ್ಮವರಿಗೆ ಹೇಳಿಕೊಡುವ ಸುಲಭ ದಾರಿ ಹಾರ್ಮೋನಿಯಂ. ಒಂದು: ಹೆಂಗಸರು ಮಧ್ಯ ಸಪ್ತಕದ ಬಿಳಿ ನಾಲ್ಕರಲ್ಲಿ (ನಾಲ್ಕನೇ ಬಿಳಿ ಮನೆ), ಗಂಡಸರು ಅದರ ಕೆಳಗಿನ ಸಪ್ತಕದ ಬಿಳಿ ನಾಲ್ಕರಲ್ಲಿ 'ಈ' ಅಂತ ಸಾಧ್ಯವಾದಷ್ಟು ಹೊತ್ತು ಎಳೆಯುವುದು. ಎರಡು: ಕೆಳಗಿಂದ ಮೇಲಕ್ಕೆ ಜಾರುವುದು. ಮೂರು: ಮೇಲಿಂದ ಕೆಳಕ್ಕೆ. ನಾಲ್ಕು: ಬಿಳಿ ಒಂದರಿಂದ ಐದರವರೆಗೆ ಒಂದೊಂದು ಸ್ವರವನ್ನೂ 'ಓ' ಅಂತ ತುಟಿ ದುಂಡಗೆ ಮಾಡಿ ಎಳೆಯುವುದು. ಒಂದೊಂದನ್ನೂ ಎರಡು ಸಲ, ದಿನಕ್ಕೆ ಎರಡು ಹೊತ್ತು. ಎಲ್ಲವೂ ಆದಷ್ಟು ಮೆತ್ತಗೆ, ಆದರೆ ಉಸಿರು ಬೆರೆಯದೆ. ಸಂಗೀತ ಬಲ್ಲವರು ಇಲ್ಲೇ ಕೆಡುತ್ತಾರೆ, ಸಾಧನೆ ಅಂತ ಗಂಟಲು ಬಿಟ್ಟು ಹಾಡಿಬಿಡುತ್ತಾರೆ. ಇದು ಹಾಡಲ್ಲ. ಸೆಕೆಂಡುಗಳನ್ನು ಪುಸ್ತಕದಲ್ಲಿ ಬರೆದಿಡಿ, 8 ಇದ್ದದ್ದು 12 ಆದರೆ ಅದೇ ನಿಮ್ಮ ವರದಿ.

ಕಡ್ಡಿಪೆಟ್ಟಿಗೆ

ತುಂಬಾ ಉಪಕಾರ. ಇನ್ನೊಂದಿಷ್ಟು: ಶಾಲೆ ಬಿಡೋ ಹಾಗಿಲ್ಲ. ಅಲ್ಲಿ ಪಿಸುಮಾತಲ್ಲಿ ಪಾಠ ಮಾಡಬಹುದಾ? ಜ್ಯೇಷ್ಠಮಧು, ಬಿಸಿನೀರು, ಹಬೆ ಇವೆಲ್ಲ ಕೆಲಸ ಮಾಡುತ್ತಾ?

ದನಿಗನ್ನಡಿ (ಸ್ಪೀಚ್ ಥೆರಪಿ)

ಪಿಸುಮಾತು ಬೇಡ. ಹಿಂದಿನ ಬೆಂಚಿಗೆ ಕೇಳಿಸಲೆಂದು ಪಿಸುಗುಟ್ಟುವಾಗ ಧ್ವನಿಪೆಟ್ಟಿಗೆ ಇನ್ನಷ್ಟು ಬಿಗಿಯುತ್ತದೆ. ಪಕ್ಕದಲ್ಲಿ ಕೂತವರ ಜೊತೆ ಮಾತಾಡುವಷ್ಟು ಧ್ವನಿ ಸಾಕು, ಅದನ್ನು ದೊಡ್ಡದು ಮಾಡುವ ಕೆಲಸ ಮೈಕಿಗೆ ಬಿಡಿ. ಸೊಂಟಕ್ಕೆ ಕಟ್ಟುವ ಸಣ್ಣ ಸ್ಪೀಕರ್, ತಲೆಗೆ ಹಾಕುವ ಮೈಕು. ಮೈಕು ಬಾಯಿಯ ಮೂಲೆಯಿಂದ ಎರಡು ಬೆರಳ ದೂರ ಇರಲಿ, ನೇರ ಎದುರಿಗಿದ್ದರೆ ಉಸಿರು ಬಡಿಯುತ್ತದೆ. ನೆಲ್ಸನ್ ರಾಯ್ ಮತ್ತು ಸಂಗಡಿಗರು 2002ರಲ್ಲಿ ಧ್ವನಿ ತೊಂದರೆಯ ಶಿಕ್ಷಕರ ಮೇಲೆ ಮಾಡಿದ ಪ್ರಯೋಗದಲ್ಲಿ, ಬರೀ ಧ್ವನಿ ಕಾಳಜಿಯ ಪಾಠ ಕೇಳಿದವರಿಗಿಂತ ಮೈಕು ಹಾಕಿಕೊಂಡವರಿಗೆ ಸ್ಪಷ್ಟ ಲಾಭ ಕಂಡಿತ್ತು. ಆದರೆ ಮೈಕು ಹಾಕಿಯೂ ಕೂಗುವವರಿದ್ದಾರೆ. ಮೊದಲ ವಾರ ಯಾರಾದರೂ ಹಿಂದೆ ಕೂತು ಕೈಸನ್ನೆ ಮಾಡಲಿ.

ಬೋರ್ಡಿಗೆ ಮುಖ ಮಾಡಿ ಮಾತಾಡುವುದು ಬೇಡ. ಗಲಾಟೆ ನಿಲ್ಲಿಸಲು ಮೇಜು ತಟ್ಟಲಿ, ಚಪ್ಪಾಳೆ ಹೊಡೆಯಲಿ. ಪದೇಪದೇ ಗಂಟಲು ಕೆರೆಯುವ ಚಟವನ್ನೂ ನೋಡಿ. ಕೆರೆದಾಗಲೆಲ್ಲ ತಂತುಗಳಿಗೆ ಪೆಟ್ಟು. ಬದಲಿಗೆ ಒಂದು ಗುಟುಕು ನೀರು, ಇಲ್ಲವೇ ಸುಮ್ಮನೆ ನುಂಗುವುದು.

ಇನ್ನು ಜ್ಯೇಷ್ಠಮಧು. ನಾವು ಕುಡಿದದ್ದು, ಚೀಪಿದ್ದು ಯಾವುದೂ ಧ್ವನಿತಂತುಗಳನ್ನು ಮುಟ್ಟುವುದಿಲ್ಲ. ಮುಟ್ಟಿದರೆ ಅದನ್ನೇ ನೆತ್ತಿಗೇರಿತು ಅನ್ನುವುದು. ಬಾಯಿ ಒದ್ದೆಯಾಗಿ ಹಿತವಾಗುತ್ತದೆ ನಿಜ, ಆದರೆ ದಿನಾ ಹೆಚ್ಚಾಗಿ ತಿಂದರೆ ಬಿಪಿ ಏರುತ್ತದೆ. ಬಿಪಿ ಇದ್ದವರಿಗೆ ಬೇಡವೇ ಬೇಡ. ನೀರು ಒಳಗಿನಿಂದ, ರಕ್ತದ ಮೂಲಕ ಕೆಲಸ ಮಾಡುತ್ತದೆ, ಪಾಠದ ನಡುವೆ ಗಟಗಟ ಕುಡಿದರೆ ತಕ್ಷಣ ಫಲವಿಲ್ಲ. ಬೆಳಿಗ್ಗೆಯಿಂದ ಸ್ವಲ್ಪ ಸ್ವಲ್ಪವೇ ಕುಡಿಯುತ್ತಿರಬೇಕು. (ಶೌಚಾಲಯ ಸರಿಯಿಲ್ಲ ಅಂತ ನೀರೇ ಕುಡಿಯದ ಟೀಚರುಗಳು ಎಷ್ಟು ಮಂದಿ!) ಹಬೆಯೊಂದೇ ನೇರವಾಗಿ ಮುಟ್ಟುವುದು. ಬರೀ ನೀರಿನ ಹಬೆ ಸಾಕು, ಮುಲಾಮು ಹಾಕಿದರೆ ಒಣಗುತ್ತದೆ, ಉರಿಯುತ್ತದೆ.

ಮೈಕ್ರೋಲಾರಿಂಕ್ಸ್ (ಇಎನ್‌ಟಿ)

ಎಲ್ಲಿಗೆ ಹೋಗಬೇಕು ಅಂತ ಮುಂದೆ ಕೇಳುತ್ತೀರಿ, ಈಗಲೇ ಹೇಳಿಬಿಡುತ್ತೇನೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಅಂದರೆ ಆಯಿಷ್, ಇದಕ್ಕೇ ಇರುವ ಕೇಂದ್ರ. ಬೇರೆ ಊರಾದರೆ ಇಎನ್‌ಟಿ ವಿಭಾಗವಿರುವ ಮೆಡಿಕಲ್ ಕಾಲೇಜುಗಳಲ್ಲಿ ವಿಚಾರಿಸಿ. ಥೆರಪಿಸ್ಟರ ಬಳಿ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇದೆಯೇ ಕೇಳಿ. ಮೊದಲ ದಿನವೇ ಅತ್ತಿಗೆಯ ಧ್ವನಿ ರೆಕಾರ್ಡ್ ಮಾಡಿಡಿ: ಒಂದು ಎಳೆದ 'ಆ', 1ರಿಂದ 20ರವರೆಗೆ ಎಣಿಕೆ, ಪಠ್ಯದ ಒಂದು ಪ್ಯಾರಾ. ಫೋನು ಪ್ರತಿಸಲ ಅಷ್ಟೇ ದೂರದಲ್ಲಿ, ಹೊತ್ತು ಸಂಜೆ ನಾಲ್ಕು. ಬೆಳಗಿನ ಧ್ವನಿ ಪರವಾಗಿಲ್ಲ ಅಂತ ನೀವೇ ಹೇಳಿದ್ದೀರಿ. ಎಂಟನೇ ವಾರ ಮತ್ತೆ ಸ್ಟ್ರೋಬೋಸ್ಕೋಪಿಗೆ ಬರುವಾಗ ಆ ರೆಕಾರ್ಡಿಂಗ್ ಜೊತೆಗೆ ತನ್ನಿ.