ಮೈಕ್ರೋವೇವ್ ಕಿಲ್ನ್: ಚೆನ್ನಾಗಿ ಕರಗಿದ ಗಾಜು ಮಾರನೇ ದಿನ ಬಿರುಕು ಬಿಡುತ್ತಿದೆ

ಬಳೆಚೂರು:
ಮನೆಯಲ್ಲೇ ಮೈಕ್ರೋವೇವ್ ಕಿಲ್ನ್, ಅಂದರೆ ಓವನ್ ಒಳಗಿಟ್ಟು ಗಾಜು ಕರಗಿಸುವ ಪುಟ್ಟ ಕುಲುಮೆ, ಮಾಡಿಕೊಂಡಿದ್ದೇನೆ. ಬುಡ, ಮುಚ್ಚಳ ಎರಡೂ ಬಿಸಿ ತಡೆಯುವ ಸೆರಾಮಿಕ್ ಫೈಬರ್ ಬೋರ್ಡ್ ಕೊರೆದು ಮಾಡಿದ್ದು. ಮುಚ್ಚಳದ ಒಳಗೆ, ಮೈಕ್ರೋವೇವ್ ಹೀರಿ ಕಾಯುವ ಸಿಲಿಕಾನ್ ಕಾರ್ಬೈಡ್ ಪುಡಿಯನ್ನು ಅಂಟಿನ ಹಾಗಿರುವ ಸೋಡಿಯಂ ಸಿಲಿಕೇಟ್‌ನಲ್ಲಿ ಕಲಸಿ ಬಳಿದಿದ್ದೇನೆ. ಓವನ್ 800 ವ್ಯಾಟ್. ಕಿಟಕಿ ಗಾಜಿನ ಮೇಲೆ ಬಳೆ ಚೂರು ಇಟ್ಟು ಪೆಂಡೆಂಟ್ ಮಾಡುತ್ತೇನೆ. ಸೊಗಸಾಗಿ ಕರಗುತ್ತದೆ. ಆದರೆ ಬೆಳಗಾಗುವಷ್ಟರಲ್ಲಿ ಎರಡು ಹೋಳು! ಮುಚ್ಚಳ ತೆಗೆಯೋದಕ್ಕೆ ಮುಕ್ಕಾಲು ಗಂಟೆ ಕಾಯುತ್ತೇನೆ. ಇನ್ನೂ ಜಾಸ್ತಿ ಬೇಕಾ? ಹಾಂ, ಓವನ್ ಅಡುಗೆಮನೆಯದೇ. ತೊಂದರೆ ಇಲ್ಲ ಅಲ್ವಾ?

ಬೆಂಕಿಪೊಟ್ಟಣ:
ರಾತ್ರಿಯಿಡೀ ಮುಚ್ಚಿಡಿ. ಅವಸರ ಮಾಡಿದರೆ ಗಾಜು ಒಡೆದೇ ಒಡೆಯುತ್ತದೆ.

ಹಳೇಕುಲುಮೆ:
ಕಾಯೋದು ಒಳ್ಳೆಯದೇ, ಆದರೆ ಇಲ್ಲಿ ರೋಗ ಬೇರೆ ಇರಬಹುದು. ಬಳೆಚೂರು ಅವರೇ, ಬಿರುಕು ಎಲ್ಲಿ ಓಡಿದೆ? ಅದರ ಅಂಚು ಚೂಪಾಗಿದೆಯಾ, ಕರಗಿ ದುಂಡಗಾಗಿದೆಯಾ? ದುಂಡಗಿದ್ದರೆ ಬಿಸಿ ಏರುವಾಗಲೇ ಒಡೆದು ಆಮೇಲೆ ಕರಗಿದೆ ಅಂತ ಅರ್ಥ. ಚೂಪಾಗಿದ್ದರೆ ತಣ್ಣಗಾಗುವಾಗ ಅಥವಾ ಆಮೇಲೆ ಒಡೆದಿದೆ.

ಬಳೆಚೂರು:
ಬ್ಲೇಡಿನ ಹಾಗೆ ಚೂಪು. ಹಸಿರು ಬಳೆ ಚೂರಿನ ಅಂಚನ್ನೇ ಹಿಡಿದು ಸುತ್ತಿ ಹೋಗಿದೆ.

ಹಳೇಕುಲುಮೆ:
ಹಾಗಾದರೆ ರಾತ್ರಿಯಿಡೀ ಅಲ್ಲ, ವಾರ ಬಿಟ್ಟರೂ ಒಡೆಯುತ್ತದೆ. ಎರಡು ಗಾಜು ಒಂದಕ್ಕೊಂದು ಹೊಂದುತ್ತಿಲ್ಲ. ತಣ್ಣಗಾಗುವಾಗ ಪ್ರತಿ ಗಾಜೂ ತನ್ನದೇ ಅಳತೆಯಲ್ಲಿ ಕುಗ್ಗುತ್ತದೆ. ಫ್ಯೂಸಿಂಗ್ ಗಾಜಿನ (ಕರಗಿಸಿ ಬೆಸೆಯೋದಕ್ಕೆಂದೇ ಮಾಡಿದ ಗಾಜು) ಮೇಲೆ 90 ಅಥವಾ 96 ಅಂತ ಆ ಅಳತೆ ಬರೆದಿರುವುದು ಅದಕ್ಕೇ. ಬಳೆ ಗಾಜಿಗೆ ಅಂಥ ನಂಬರೇ ಇರುವುದಿಲ್ಲ. ಫಿರೋಜಾಬಾದಿನವರು ಅದನ್ನು ಕೈಗೆ ಹಾಕಿಕೊಳ್ಳಲಿ ಅಂತ ಮಾಡಿದ್ದು, ಕಿಟಕಿ ಗಾಜಿಗೆ ಅಂಟಿಸಲಿ ಅಂತ ಅಲ್ಲ. ಹಸಿರು ಬಳೆಗೂ ಕೆಂಪು ಬಳೆಗೂ ಹೊಂದುತ್ತದೆ ಅನ್ನೋ ಗ್ಯಾರಂಟಿಯೂ ಇಲ್ಲ.

ಸುಮ್ನೆ ನನ್ನ ಮಾತು ನಂಬಬೇಡಿ, ಕಣ್ಣಲ್ಲೇ ನೋಡಿ. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆ ಪೂರ್ತಿ ಬಿಳಿ ಮಾಡಿ. ಪೋಲರೈಸ್ಡ್ ತಂಪು ಕನ್ನಡಕವನ್ನು ಅದರ ಮುಂದೆ ತಿರುಗಿಸುತ್ತಾ ಹೋದರೆ ಒಂದು ಕಡೆ ಪರದೆ ಕಪ್ಪಾಗುತ್ತದೆ. ಅಲ್ಲೇ ಹಿಡಿದು, ಇನ್ನೂ ಒಡೆಯದ, ಪೂರ್ತಿ ತಣ್ಣಗಾದ ಪೆಂಡೆಂಟನ್ನು ಎರಡರ ನಡುವೆ ತನ್ನಿ. ಬಳೆ ಚೂರಿನ ಸುತ್ತ ಬಿಳಿ ಬೆಳಕಿನ ಉಂಗುರ ಕಂಡರೆ ಅಲ್ಲಿ ಎಳೆದಾಟ ಇದೆ. ಚೂರಿಗೆ ಸಂಬಂಧವೇ ಇಲ್ಲದೆ ಅಂಚಿನಲ್ಲೆಲ್ಲ ಬೆಳಕು ಚೆಲ್ಲಿದ್ದರೆ ಆಗ ಬೆಂಕಿಪೊಟ್ಟಣ ಹೇಳಿದ್ದು ಸರಿ, ಬೇಗ ತಣ್ಣಗಾಗಿದೆ.

ಪರಿಹಾರ ಕಷ್ಟದ್ದಲ್ಲ. ಒಂದೇ ಹಾಳೆಯಿಂದ ಕತ್ತರಿಸಿದ ಕಿಟಕಿ ಗಾಜಿನ ಎರಡು ತುಂಡು ಒಂದರ ಮೇಲೊಂದು ಇಡಿ. 3 ಮಿ.ಮೀ. ಎರಡು ಸೇರಿದರೆ 6 ಆಗುತ್ತದೆ. ಪೂರ್ತಿ ಕರಗಿದ ಗಾಜು ತಾನಾಗಿ ನಿಲ್ಲುವ ದಪ್ಪ ಹೆಚ್ಚುಕಮ್ಮಿ ಅಷ್ಟೇ, ಹಾಗಾಗಿ ಆಕಾರವೂ ಕೆಡುವುದಿಲ್ಲ. ಬಣ್ಣ ಬೇಕೇ ಬೇಕು ಅಂದರೆ ಒಂದೇ ಕಂಪನಿಯ ಫ್ಯೂಸಿಂಗ್ ಗಾಜು ತರಿಸಿ. ದುಬಾರಿ, ನಿಜ.

ಈಗ ಓವನ್. ಅಡುಗೆಯದು ಬೇಡ. ಇದನ್ನು ಮೊದಲೇ ಹೇಳಬೇಕಿತ್ತು ಅನ್ನಿಸುವಷ್ಟು ಮುಖ್ಯ. ಫೈಬರ್ ಬೋರ್ಡಿನ ದೂಳು, ಅದರಲ್ಲಿರುವ ಅಂಟಿನ (ಬೈಂಡರ್) ಹೊಗೆ ಎಲ್ಲ ಒಳಗೋಡೆಗೆ ಮೆತ್ತಿಕೊಳ್ಳುತ್ತದೆ. ಸೆಕೆಂಡ್‌ಹ್ಯಾಂಡ್ ಓವನ್ ಒಂದು ತಂದು, ಮೇಲೆ "ಗಾಜಿಗೆ ಮಾತ್ರ" ಅಂತ ಬರೆದು, ಬಾಲ್ಕನಿಯಲ್ಲಿಡಿ. ಕೆಟ್ಟರೆ ಬಿಚ್ಚೋಕೆ ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಉಳಿದಿರಬಹುದು. ಬೋರ್ಡ್ ಕೊರೆಯುವಾಗ ಬಟ್ಟೆ ಮಾಸ್ಕ್ ಸಾಲದು, ಎನ್95 ಅಥವಾ ಅದಕ್ಕಿಂತ ಒಳ್ಳೆಯದು ಬೇಕು. ದೂಳನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಬೆಂಕಿಪೊಟ್ಟಣ:
ಕಿಲ್ನನ್ನು ಓವನ್ನಿನ ಗಾಜಿನ ತಟ್ಟೆಯ ಮೇಲೆ ನೇರ ಇಡಬೇಡಿ, ಕೆಳಗೆ ಫೈರ್‌ಬ್ರಿಕ್ ತುಂಡು ಕೊಡಿ. ನಮ್ಮ ತಟ್ಟೆ ಒಡೆದದ್ದು ಹಾಗೇ. ಕರಗಿದೆಯಾ ಅಂತ ಇಣುಕುವಾಗ ಉದ್ದ ಲೆದರ್ ಗ್ಲೌಸ್ ಹಾಕಿ ಕ್ಷಣಕ್ಕಷ್ಟೇ ಮುಚ್ಚಳ ಎತ್ತಿ. ಒಳಗೆ 800 ಡಿಗ್ರಿ ಆಸುಪಾಸು ಇರುತ್ತದೆ.

ಬಳೆಚೂರು:
ಕನ್ನಡಕದ ಪರೀಕ್ಷೆ ಮಾಡಿದೆ. ಹಸಿರು ಚೂರಿನ ಸುತ್ತ ಗ್ರಹಣದ ಉಂಗುರದ ಹಾಗೆ ಬೆಳಗುತ್ತಿದೆ! ಬರೀ ಕಿಟಕಿ ಗಾಜಿನದರಲ್ಲಿ ಏನೂ ಇಲ್ಲ. ಒಂದೇ ಬಣ್ಣದ ಬಳೆಗಳನ್ನೇ ಒಂದರ ಮೇಲೊಂದು ಕರಗಿಸಬಹುದಾ? ಬಂಗಾರದ ಗೆರೆ ಇರುವ ಒಂದು ಡಜನ್ ಇದೆ.

ಹಳೇಕುಲುಮೆ:
ಒಂದೇ ಡಜನ್ನಿನವು ಆದರೆ ಹೊಂದುವ ಸಾಧ್ಯತೆ ಜಾಸ್ತಿ. ಆದರೂ ಸಣ್ಣ ತುಂಡಿನಲ್ಲಿ ನೋಡಿ, ಪರದೆ ಮುಂದೆ ಹಿಡಿದು ಆಮೇಲೆ ಮುಂದುವರಿಯಿರಿ. ಬಂಗಾರದ ಗೆರೆಯವು ಬೇಡ. ಅದು ಲೋಹದ ಬಣ್ಣವಾಗಿದ್ದರೆ ಚಿನ್ನದಂಚಿನ ತಟ್ಟೆ ಓವನ್ನಿಗಿಟ್ಟಂತೆ ಕಿಡಿ ಹಾರಬಹುದು. ಸಾದಾ ಬಳೆ ತನ್ನಿ.